ಪುಳಿಯೋಗರೆ ಟ್ರೇಯ ತೂತು

ಸೋಮವಾರ ಬೆಳಿಗ್ಗೆ ಆಸ್ಟಿನ್ನಿನ ಆ ಪುಟ್ಟ ಕಂಪನಿಯ ಲ್ಯಾಬಿನಲ್ಲಿ ಕಪಾಟು ತೆರೆದರೆ—ಪಟ್ಟಿ ಇಲ್ಲ! ಮೆತ್ತನೆಯ ರಬ್ಬರ್ ಪಟ್ಟಿ. ಅದರ ಸಣ್ಣ ಕೊಳವೆಗಳಲ್ಲಿ ನೀರಿನಂತೆ ಹರಿಯುವ ಲೋಹ. ಹಿಗ್ಗಿಸಿ, ಮಡಚಿ, ಕರೆಂಟು ಕಡಿಯದು. ಇದ್ದದ್ದು ಅದೊಂದೇ.

ಕದ್ದವರು ಯಾರು? ಮಾಲೀಕ ಶ್ರೀಪತಿ ಆಗಲೇ ತೀರ್ಪು ಕೊಟ್ಟಾಗಿತ್ತು—ಅದನ್ನು ತಯಾರಿಸಿದ ವಿದ್ಯಾರ್ಥಿನಿ ಇಂಚರಾ. ಕಳ್ಳಿ ಎನಿಸಿಕೊಂಡರೆ ಅವಳ ಹೆಸರು ಪೇಟೆಂಟಿನಿಂದಲೂ ಹೋಗುತ್ತಿತ್ತು, ಅವಳು ಈ ದೇಶದಿಂದಲೂ.

ಅವಳು ಕರೆದಳೆಂದು ಹ್ಯೂಸ್ಟನ್ನಿನಿಂದ ಪತ್ತೇದಾರ ಇರಣ್ಣ ಬಂದ. ಲ್ಯಾಬಿನ ಬಾಗಿಲಲ್ಲೇ ಇಂಚರಾ ಅವನ ಕೈಯ ಕೋಲಾ ಡಬ್ಬಿ ಇಸಿದುಕೊಂಡಳು. ಅಲ್ಯೂಮಿನಿಯಂ ಒಳಗೆ ಬರಕೂಡದಂತೆ. ಶ್ರೀಪತಿ ಮಾತ್ರ ತನ್ನ ಡಬ್ಬಿ ಹೀರುತ್ತಲೇ ಒಳನುಗ್ಗಿದ.

"ಇವಳದೊಂದು ಮಡಿ!" ಎಂದು ನಕ್ಕ.

ದ್ರವಲೋಹದ ಭವಿಷ್ಯದ ಬಗ್ಗೆ ಊರೂರು ಭಾಷಣ ಬಿಗಿಯುವ ಆಸಾಮಿ! ಇರಣ್ಣನಿಗೆ ಮೈಯುರಿಯಿತು.

ಮರುದಿನ ಅವನು ಆಸ್ಟಿನ್ನಿನಿಂದ ಮೂರು ಗಂಟೆ ದಾರಿಯ ಸೌತ್‌ಲೇಕಿನಲ್ಲಿ, ಅರಮನೆಯಂಥ ಶ್ರೀಪತಿಯ ಮನೆಯಲ್ಲಿದ್ದ. ಶನಿವಾರ ಎಲ್ಲಿದ್ದಿರಿ? ಇರ್ವಿಂಗ್‌ನಲ್ಲಿ ಎಲ್ಲರೂ ಅಡುಗೆ ತಂದು ಹಂಚಿ ಉಣ್ಣುವ ಯುಗಾದಿ ಪಾಟ್‌ಲಕ್. ಶುಕ್ರವಾರ? ಆಫೀಸಿನಲ್ಲಿ ಊಟ, ನೇರ ಮನೆ.

ಕಾಫಿ ತಂದ ಹೆಂಡತಿ ಸರೋಜಾ ಪಾಟ್‌ಲಕ್ ಎನ್ನುತ್ತಲೇ ಮುಖ ಕಿವುಚಿದರು. ಪುಳಿಯೋಗರೆಯ ಅಲ್ಯೂಮಿನಿಯಂ ಟ್ರೇ ಎತ್ತಿದ್ದೇ ತಡ, ತಳವೇ ಕಳಚಿ ಎಲ್ಲಾ ನೆಲದ ಪಾಲಂತೆ. ಆಂಟಿಯರೆಲ್ಲಾ ಕಿಸಕ್ಕೆಂದರಂತೆ.

"ಹೊಸಾ ಟ್ರೇ ಏನ್ರಿ?" ಎಂದ ಇರಣ್ಣ.

"ಇಲ್ಲಪ್ಪಾ, ಇವರೇ ಶುಕ್ರವಾರ ಆಫೀಸಿನ ಊಟದ ಟ್ರೇ ತಂದಿದ್ದು. ಮುಚ್ಚಳ ಮುಚ್ಚಿಕೊಂಡು. ಉಂಡ ತಟ್ಟೆ ಎತ್ತದ ಮನುಷ್ಯ! ತಳ ಕಪ್ಪಗಿತ್ತು, ತೊಳೆದಿಟ್ಟಿದ್ದೆ."

ಶ್ರೀಪತಿಯ ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು.

ಗರಾಜಿನ ಕಸದಬುಟ್ಟಿಯಿಂದ ಟ್ರೇ ತೆಗೆದು ಇರಣ್ಣ ಬೆರಳಲ್ಲಿ ಒತ್ತಿದ. ಹಪ್ಪಳದಂತೆ ಪುಡಿಯಾಯಿತು.

"ನೋಡ್ರಿ, ಆ ಲೋಹ ಅಲ್ಯೂಮಿನಿಯಮ್ಮನ್ನ ತಿಂತದ. ಪಟ್ಟಿ ಮಡಚಿ ತುರುಕೀರಿ, ಒಡದು ಸೋರೇದ. ಆ ಹುಡುಗಿ ಕದ್ದಿದ್ರ ಪ್ಲಾಸ್ಟಿಕ್ ಡಬ್ಬಿ ಹುಡುಕತಿದ್ಲು. ಅದನ್ನ ಅಲ್ಯೂಮಿನಿಯಂ ಟ್ರೇದಾಗ ಇಡೋ ದಡ್ಡ ಆ ಲ್ಯಾಬಿನಾಗ ಒಬ್ಬನೇ—ಅವಳ ಮಡಿಗೆ ನಕ್ಕಾವ. ಕಳ್ಳ ನೀವೇ ರೀ, ಪೇಟೆಂಟಿನಾಗ ನಿಮ್ಮ ಹೆಸರೊಂದೇ ಉಳೀಲಿ ಅಂತ. ಕಳ್ಳತನಕ್ಕೂ ಸ್ವಲ್ಪ ಓದಬೇಕಿತ್ತು."

"ನಾನ್‌ಸೆನ್ಸ್. ಒಂದು ಹರಕು ಟ್ರೇ ಪ್ರೂಫ್ ಆಗುತ್ತಾ? ಪಟ್ಟಿ ಎಲ್ಲಿದೆ ತೋರಿಸು!"

ಸರೋಜಾ ಗಂಡನ ಮುಖವನ್ನೊಮ್ಮೆ ನೋಡಿದರು. ಮೂಲೆಯಲ್ಲಿದ್ದ ಗಾಲ್ಫ್ ಚೀಲ ಎಳೆದು ತಂದು ಇರಣ್ಣನ ಮುಂದೆ ಕೆಡವಿದರು.

"ಶುಕ್ರವಾರದಿಂದ ಇದನ್ನ ಮುಟ್ಟಬೇಡ ಅಂತಿದಾರೆ," ಎಂದರು. "ನೀವು ಮುಟ್ಟಿ."