ತಳವಿಲ್ಲದ ಕಪಾಟು

"ನನ್ನ ಚುಕ್ಕಿ ಎಲ್ಲಿ?"

ಅವಳ ದನಿಗೆ, ಕೋಳಿಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದವನು ತಟ್ಟನೆ ಎದ್ದು ನಿಂತ. ಪಕ್ಕದ ಮನೆಗೆ ಬಂದು ತಿಂಗಳಾಗಿದ್ದ ಬಡಗಿ. ಬೆಳಗು ಆಗಷ್ಟೇ ಹರಿಯುತ್ತಿತ್ತು. ಅವನ ಮೊಣಕಾಲಿಗೆ ಹಸಿ ಮಣ್ಣು ಮೆತ್ತಿತ್ತು. ಅಂಗಿಯ ತೋಳಿಗೆ ಒಂದು ಗರಿ ಅಂಟಿತ್ತು... ಕಪ್ಪು ಗರಿ, ಮೇಲೆ ಬಿಳಿಯ ಚುಕ್ಕೆ!



"ಅದನ್ನ ಹೇಳೋಕೇ ಬಂದೆ. ನಿಮ್ಮ ಚುಕ್ಕಿ..."

"ಅವಳ ಹೆಸರು ನಿಮ್ಮ ಬಾಯಲ್ಲಿ ಬರಬಾರದು! ಬಂದ ವಾರದಲ್ಲೇ ಕೇಳಿದ್ರಲ್ಲ, ಈ ಹುಂಜ ಎಷ್ಟು ಹೊತ್ತಿಗೆ ಕೂಗುತ್ತೆ ಅಂತ. ಅವತ್ತೇ ನಂಗೆ ತಿಳೀಬೇಕಿತ್ತು. ಬೇಲಿ ಆಚೆ ನಡೀರಿ!"

ಅವನು ಮತ್ತೆ ಬಾಯಿ ತೆರೆದ. ಅವಳ ಕಣ್ಣು ತುಂಬಿದ್ದನ್ನು ಕಂಡು ಸುಮ್ಮನಾದ. ತಲೆ ತಗ್ಗಿಸಿ ಹೊರಟುಹೋದ.

ಅವಳು ಬಟ್ಟೆ ಹೊಲಿದು ಬದುಕುವವಳು. ಅಮ್ಮ ತೀರಿಕೊಂಡು ಆರು ತಿಂಗಳಾಗಿತ್ತು. ಎರಡು ಕೋಣೆಯ ಮನೆ, ಹಿಂದೆ ನಾಲ್ಕು ಹಾಸಿಗೆ ಹಾಸುವಷ್ಟು ತೋಟ, ಅದರಲ್ಲಿ ಅಮ್ಮ ಸಾಕಿದ್ದ ಏಳು ಗಿಡ್ಡ ಜಾತಿಯ ಕೋಳಿಗಳು. ಅಂಗೈ ಮೇಲೆ ಕೂರುವಷ್ಟು ಪುಟ್ಟವು. ಹಳೆಯ ಗೂಡು ಮುರಿದಾಗ ಅವಳು ಅಮ್ಮನ ಬಟ್ಟೆಯ ಕಪಾಟನ್ನೇ ಗೂಡು ಮಾಡಿದ್ದಳು. ಬಾಗಿಲಿಗೆ ತಂತಿಬಲೆ, ಒಳಗೆ ಕೂರಲು ಅಡ್ಡಕೋಲು. ತಳದ ಹಲಗೆಯನ್ನು ಮಾತ್ರ ಕಿತ್ತುಹಾಕಿದ್ದಳು. 'ಜೀವ ಇರೋವರೆಗೆ ಕಾಲಿಗೆ ಮಣ್ಣು ತಾಕಬೇಕು, ಗುಬ್ಬಿ' ಎಂದು ಇವಳಿಗೆ ಹೇಳುತ್ತಿದ್ದಳಲ್ಲ ಅಮ್ಮ!

ಮೊದಲು ಹೋದವಳು ಬೂದಿ. ಒಂದು ಹಿಡಿ ಪುಕ್ಕ ಬಿಟ್ಟರೆ ಏನೂ ಸಿಗಲಿಲ್ಲ. ಒಂಬತ್ತು ದಿನಕ್ಕೆ ಜುಟ್ಟಿ. ಈಗ ಚುಕ್ಕಿ. ಪ್ರತಿ ಸಲವೂ ಚಿಲಕ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗಿನ ಮಣ್ಣು ಕೆದರಿತ್ತು, ನಿಜ. ಆದರೆ ಕೋಳಿ ಇದ್ದಲ್ಲಿ ಮಣ್ಣು ಕೆದರದೆ ಇರುತ್ತದೆಯೇ? ಚಿಲಕ ತೆಗೆದು ಮತ್ತೆ ಹಾಕಬಲ್ಲದ್ದು ಮನುಷ್ಯನ ಕೈ ಒಂದೇ ಎಂದು ಅವಳು ತೀರ್ಮಾನಿಸಿದ್ದಳು.

ಆ ಸಂಜೆ ಅಣ್ಣ ಬಂದ. ಜೊತೆಗೆ ಅತ್ತಿಗೆ.

"ಅಮ್ಮ ಹೋದ ಸಂಕಟ ನಂಗಿಲ್ವಾ? ನೀನು ದಿನಾ ಹೀಗೆ ಅಳೋದನ್ನ ನೋಡೋಕಾಗಲ್ಲ. ಭಾನುವಾರ ಬುಟ್ಟಿ ತರ್ತೀನಿ. ಅಷ್ಟರೊಳಗೆ ಇನ್ನೊಂದು ಹೋಯ್ತೋ, ಉಳಿದದ್ದೆಲ್ಲಾ ಮಾರುಕಟ್ಟೆಗೆ."

"ಕೋಳಿ ಹಿಂದೆ ಓಡೋ ಹೊತ್ತಲ್ಲಿ ಒಂದು ಗಂಡಿನ ಹಿಂದೆ ಓಡಿದ್ರೆ ಇಷ್ಟು ಹೊತ್ತಿಗೆ ಮದುವೆ ಆಗಿರ್ತಿತ್ತು" ಎಂದಳು ಅತ್ತಿಗೆ.

ಅವಳು ಎದ್ದು ತೋಟಕ್ಕೆ ಹೋದಳು. ಉಳಿದ ನಾಲ್ಕನ್ನು ಒಳಗೆ ಬಿಟ್ಟು ಕಪಾಟಿನ ಮೇಲೆ ಕೈಯಿಟ್ಟಳು. 'ದೇವರೇ, ಇವುಗಳ ಉಸಿರು ನಿನ್ನ ಕೈಯಲ್ಲಿದೆ. ಅಮ್ಮನದು ಅಂತ ಉಳಿದಿರೋದು ಇಷ್ಟೇ...'

ಮರುದಿನದಿಂದ ಆ ಸದ್ದು ಶುರುವಾಯಿತು.

ಗುದ್ದಲಿಯ ಸದ್ದು. ದಪ್, ದಪ್, ದಪ್... ಅವಳು ಹೊಲಿಗೆ ಯಂತ್ರ ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಮತ್ತೆ ತುಳಿದರೆ ಮತ್ತೆ ದಪ್, ದಪ್. ಬೇಲಿಯ ಸಂದಿಯಲ್ಲಿ ಇಣುಕಿದಳು. ಬೇಲಿಯುದ್ದಕ್ಕೂ ಮೊಳದಗಲದ ಗುಂಡಿ! ಪಕ್ಕದಲ್ಲಿ ಬಾಯಿ ಕಟ್ಟಿದ ಒಂದು ಗೋಣಿಚೀಲ.

ಏನನ್ನು ಹೂಳುತ್ತಿದ್ದಾನೆ ಇವನು?

ಅವನು ಎರಡು ಸಲ ಬಾಗಿಲು ತಟ್ಟಿದ. ಅವಳು ತೆಗೆಯಲಿಲ್ಲ. ಗುಂಡಿ ಮಾತ್ರ ದಿನಕ್ಕಿಷ್ಟು ಬೆಳೆಯುತ್ತಾ ಅವಳ ತೋಟವನ್ನು ಬಳಸಿ ಬಂತು.

ಶನಿವಾರ ಹೊತ್ತು ಇಳಿಯುವಾಗ ಅವನ ಕೆಲಸದ ಕೊಟ್ಟಿಗೆಯಿಂದ ಸಣ್ಣ ದನಿಯೊಂದು ಕೇಳಿತು. ಕೊರ್... ಕೊರ್... ಅದು ಚುಕ್ಕಿಯ ದನಿ!

ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಡುವುದನ್ನೂ ಮರೆತು ಓಡಿದಳು.

ಅವನು ರಂಪ ಮಾಡಲಿಲ್ಲ. ಕತ್ತರಿಯನ್ನು ನೋಡಿ, "ಅಂಗಿ ಹೊಲಿಯೋಕೆ ಬಂದ್ರಾ, ನನ್ನನ್ನೇ ಕತ್ತರಿಸೋಕಾ?" ಎಂದ. ಆಮೇಲೆ ಮೆಲ್ಲಗೆ, "ಸದ್ದು ಮಾಡಬೇಡಿ. ಕಾವು ಕೂತಿದಾಳೆ" ಎಂದ.

ಮೂಲೆಯಲ್ಲಿ, ಕೀಸಿದ ಮರದ ಸುರುಳಿಗಳ ರಾಶಿಯಲ್ಲಿ, ಚುಕ್ಕಿ! ಮೈ ಉಬ್ಬಿಸಿಕೊಂಡು, ಹೊಟ್ಟೆಯಡಿ ಐದು ಮೊಟ್ಟೆ ಅವುಚಿಕೊಂಡು ಕೂತಿದ್ದಳು.

"ಕದ್ದು ಇಲ್ಲಿ ಮೊಟ್ಟೆ ಇಡ್ತಿದ್ಲು. ಹಿಂದಿನ ಸಂಜೆ ನಿಮ್ಮ ಗೂಡಿಗೆ ವಾಪಸ್ ಹೋಗದೆ ಇಲ್ಲೇ ಕಾವು ಕೂತ್ಲು. ಆ ಬೆಳಿಗ್ಗೆ ಅದನ್ನ ಹೇಳೋಕೆ ಬಂದೆ. ಬಂದಾಗ ನಿಮ್ಮ ಕಪಾಟಿನ ಕೆಳಗೆ ಬಿಲ ಕಂಡೆ. ಯಾವ ಮೃಗವೋ ಗೊತ್ತಿಲ್ಲ. ನನ್ನ ಕಡೆಯಿಂದ ಮಣ್ಣು ತೋಡಿ ಬರುತ್ತೆ. ತಳ ಇಲ್ಲದ ಗೂಡಿಗೆ ಅದು ಚಿಲಕ ಯಾಕೆ ತೆಗೀಬೇಕು?"

ಅವಳು ತನ್ನ ಕೈ ನೋಡಿಕೊಂಡಳು. ಆ ಹಲಗೆಯನ್ನು ಕಿತ್ತ ಕೈ ತನ್ನದೇ...

"ಗುಂಡಿ?"

"ಬೇಲಿ ಬುಡದಲ್ಲಿ ತಂತಿಬಲೆ ಹೂಳ್ತಿದೀನಿ. ಗೋಣಿಯಲ್ಲಿ ಇರೋದು ಅದೇ."

"ಚುಕ್ಕಿ ಬದುಕಿದಾಳೆ ಅಂತ ಕೂಗಿಯಾದ್ರೂ ಹೇಳಬಾರದಿತ್ತಾ? ನಾಲ್ಕು ದಿನ ಅತ್ತೆ ನಾನು!"

"ಹೇಳಿದ್ರೆ ಬಿಲದ ಮಾತು ಕೇಳೋ ಮೊದಲೇ ಎತ್ಕೊಂಡು ಹೋಗಿ ಅದೇ ಕಪಾಟಿಗೆ ಬಿಡ್ತಿದ್ರಿ ಅಂತ ಭಯ. ಆದ್ರೂ ಹೇಳಬೇಕಿತ್ತು. ತಪ್ಪು ನಂದೇ."

"ಯಾಕಿಷ್ಟು ಕಷ್ಟ ನಿಮಗೆ? ಯಾರದೋ ಕೋಳಿಗೆ..."

ಅವನು ಬಗ್ಗಿ, ಚುಕ್ಕಿಯ ಸುತ್ತ ಚದುರಿದ್ದ ಸುರುಳಿಗಳನ್ನು ಒತ್ತಟ್ಟಿಗೆ ಸರಿಸಿದ.

"ಅಪ್ಪನನ್ನ ಮಣ್ಣು ಮಾಡಿ ಈ ಮನೆಗೆ ಬಂದೆ. ನಡುವೆ ಬೇಲಿ ಒಂದೇ. ಹುಂಜ ಕೂಗಿದ ಮೇಲೆ ನೀವು ದಿನಾ ಕೋಳಿಗಳ ಹತ್ತಿರ ಕೂತು, 'ಗುಬ್ಬಿ, ಊಟ ಆಯ್ತಾ?' ಅಂತ ನಿಮಗೆ ನೀವೇ ಕೇಳ್ಕೊಳ್ತಿದ್ರಿ. ಅದನ್ನ ಕೇಳೋಕೇ ನಾನು ಬೇಗ ಏಳ್ತಿದ್ದೆ. ಹುಂಜ ಎಷ್ಟು ಹೊತ್ತಿಗೆ ಕೂಗುತ್ತೆ ಅಂತ ಕೇಳಿದ್ದೂ ಅದಕ್ಕೇ. ಆ ದನಿ ನಿಲ್ಲಬಾರದು ಅನ್ನಿಸ್ತು."

ಅವಳ ಕೈಯಿಂದ ಕತ್ತರಿ ಜಾರಿತು.

"ಅಳೋಕೆ ಹೊತ್ತಿಲ್ಲ. ಕಪಾಟಿನ ಅಡಿ ಇನ್ನೂ ಬಾಕಿ. ಬೆಳಕಿರುವಾಗಲೇ ಮುಗಿಸಬೇಕು" ಎಂದ.

ಇಬ್ಬರೂ ಕಪಾಟನ್ನು ವಾಲಿಸಿ ಅಡಿಗೆ ಬಲೆ ಹಾಸಿದರು. ಅಂಚನ್ನು ಹೊರಗೆ ಮೊಳದಷ್ಟು ಚಾಚಿ, ಮೇಲೆ ಮಣ್ಣು ಮುಚ್ಚಿದರು. ಕಾಲಿಗೆ ಮಣ್ಣೂ ತಾಕುತ್ತದೆ, ಜೀವವೂ ಉಳಿಯುತ್ತದೆ. ಕೊನೆಯ ಮೊಳೆ ಬಡಿಯುವಾಗ ಸೂರ್ಯ ಮುಳುಗಿದ.

ಆಗ ಕೇಳಿತು.

ಕೆರ್... ಕೆರ್... ಬೇಲಿಯ ಬುಡದಲ್ಲಿ. ಕೋಳಿಗಳು ಒಮ್ಮೆಲೇ ಉಸಿರು ಬಿಗಿಹಿಡಿದವು. ಅವಳ ಕೈ ತಾನಾಗಿ ಅವನ ಕೈಯನ್ನು ಹುಡುಕಿತು. ಉಗುರು ತಂತಿಗೆ ತಾಕಿದ ಸದ್ದು... ಮತ್ತೊಮ್ಮೆ... ಆಮೇಲೆ ಏನೂ ಇಲ್ಲ. ಹೋಯಿತೋ, ಅಲ್ಲೇ ನಿಂತು ಆಲಿಸುತ್ತಿತ್ತೋ, ಇಬ್ಬರಿಗೂ ತಿಳಿಯಲಿಲ್ಲ. ಕೈ ಮಾತ್ರ ಬಿಡಲಿಲ್ಲ.

ಭಾನುವಾರ ಅಣ್ಣ ಬುಟ್ಟಿ ಹಿಡಿದು ಬಂದಾಗ ಗೂಡಿನಲ್ಲಿ ನಾಲ್ಕೂ ಇದ್ದವು. ಅವಳು ಅವನನ್ನು ಕೊಟ್ಟಿಗೆಗೆ ಕರೆದೊಯ್ದು ಐದನೆಯದನ್ನು ತೋರಿಸಿದಳು. ಅಣ್ಣ ಚುಕ್ಕಿಯನ್ನು ನೋಡಿದ. ಬಡಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ತಂಗಿಯ ಮುಖ ನೋಡಿದ.

"ಬುಟ್ಟಿ ಇಲ್ಲೇ ಇರಲಿ. ಮರಿಗಳಿಗೆ ಆಗುತ್ತೆ" ಎಂದು ನೆಲಕ್ಕಿಟ್ಟು ಹೋದ.

ಎರಡು ವಾರಕ್ಕೆ ನಾಲ್ಕು ಮರಿ ಹೊರಬಂದವು. ಒಂದು ಮೊಟ್ಟೆ ಒಡೆಯಲಿಲ್ಲ. ಅದನ್ನು ಅವಳು ಗಿಡದ ಬುಡದಲ್ಲಿ ಹೂಳಿ, ದೇವರಿಗೆ ಒಪ್ಪಿಸಿ ಎದ್ದಾಗ, ಅವನು ಬೇಲಿಯಾಚೆ ಗರಗಸ ಹಿಡಿದು ನಿಂತಿದ್ದ.

"ಮರಿಗಳು ಓಡಾಡೋಕೆ ಬೇಲಿಯಲ್ಲಿ ಒಂದು ಬಾಗಿಲು ಬೇಕು."

"ಮರಿಗಳಿಗೆ ಮಾತ್ರಾನಾ?"

ಅವನ ಕಿವಿ ಕೆಂಪಾಯಿತು. "ನನ್ನ ಎತ್ತರಕ್ಕೂ ಮಾಡಬಹುದು... ನೀವು ಹೂಂ ಅಂದ್ರೆ. ಜೀವನಪೂರ್ತಿ ಓಡಾಡೋಕೆ."

ಬೇಲಿಯ ಬುಡದಲ್ಲಿ, ಬಲೆಯ ಅಂಚಿಗೆ, ಹೊಸದಾಗಿ ಕೆದರಿದ ಮಣ್ಣು ಅವಳಿಗೆ ಕಂಡಿತು. ಅದು ಇನ್ನೂ ಬಂದು ಹೋಗುತ್ತಿದೆ. ಬರುತ್ತಲೇ ಇರುತ್ತದೆ.

ಅವಳು ಬೇಲಿಯ ಮೇಲಿಂದ ಕೈ ಚಾಚಿ ಅವನ ತೋಳಿಗಂಟಿದ ಮರದ ಪುಡಿಯನ್ನು ಒರೆಸಿದಳು.

"ಹೂಂ. ಆದ್ರೆ ಬಾಗಿಲಿನ ಅಡಿಗೂ ಬಲೆ ಹಾಕಿ."

"ಹಾಕ್ತೀನಿ." ಅವನು ಸ್ವಲ್ಪ ತಡೆದು ಕೇಳಿದ. "ಊಟ ಆಯ್ತಾ, ಗುಬ್ಬಿ?"

ಆರು ತಿಂಗಳ ಮೇಲೆ, ಅಮ್ಮ ಕೇಳುತ್ತಿದ್ದ ಆ ಮಾತು ಇನ್ನೊಬ್ಬರ ಬಾಯಿಂದ ಬಂದಿತ್ತು.

"ಇಲ್ಲ" ಎಂದಳು ಕಣ್ಣೊರೆಸಿಕೊಳ್ಳುತ್ತಾ. "ನಿಮಗೇ ಕಾಯ್ತಿದ್ದೆ."