ಉಪ್ಪುನೀರಿನ ಭೀಮ

ಕೆಲಸದ ಮೊದಲ ದಿನ ಪ್ರಯೋಗಾಲಯದ ಬಾಗಿಲು ತಳ್ಳಿ ಮೋನಿಷಾ ಒಳಗೆ ಕಾಲಿಟ್ಟಳು. ಎದುರಿಗಿದ್ದ ಯುವಕ ಅವಳನ್ನು ಕಂಡೊಡನೆ ಕೈಯಲ್ಲಿದ್ದ ಇಲಿಯ ಪಂಜರವನ್ನು ಎದೆಗವಚಿಕೊಂಡು, ಗೋಡೆಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟ.

ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹುಡುಗನ ಹಾಗೆ.

"ರೀ, ಜಹೀರಾ ಮೇಡಂ ರೂಮ್ ಯಾವ ಕಡೆ?"

"ಎಡಕ್ಕೆ," ಎಂದಿತು ಗೋಡೆ.

ಆದರೆ... ತಿರುಗುವ ಮುನ್ನ ಅವನ ಕಣ್ಣು ಅರೆಕ್ಷಣ ಅವಳ ಕಣ್ಣಿಗೆ ತಾಗಿತ್ತು. ಎಡಕ್ಕೆ ಹೋಗಬೇಕಾದವಳು ಬಲಕ್ಕೆ ಹೋಗಿ, ಉಗ್ರಾಣದ ಬಾಗಿಲು ತಟ್ಟಿ ಬಂದಳು.

ಹೆಸರಘಟ್ಟದ ಹುಲ್ಲುಗಾವಲಿನ ಅಂಚಿನಲ್ಲಿದ್ದ ಆ ಪ್ರಯೋಗಾಲಯದಲ್ಲಿ ನಡೆಯುತ್ತಿದ್ದ ಕೆಲಸ ವಿಚಿತ್ರವಾದದ್ದು. ಮನುಷ್ಯರಿಗೆ ಭ್ರಮೆ ಹುಟ್ಟಿಸುವ ಒಂದು ಕಾಡುಬಳ್ಳಿಯ ಸತ್ವ ಖಿನ್ನತೆಗೆ ಮದ್ದಾದೀತೇ ಎಂದು ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದರು. ಅರ್ಧದಷ್ಟು ಇಲಿಗಳಿಗೆ ಬಳ್ಳಿಯ ಸತ್ವದ ಚುಚ್ಚುಮದ್ದು, ಉಳಿದವಕ್ಕೆ ಬರಿಯ ಉಪ್ಪುನೀರು. ಚುಚ್ಚುವವನು ಮಾಕಳಿಯ ಯೋಗಾನಂದ, ಅದೇ ಗೋಡೆಯ ಯುವಕ. ಅನಂತರ ಇಲಿಗಳನ್ನು ಒಂದೊಂದಾಗಿ ನೀರಿನ ಗಾಜಿನ ಪಾತ್ರೆಗೆ ಬಿಟ್ಟು, ಯಾವುದು ಛಲದಿಂದ ಈಜುತ್ತದೆ, ಯಾವುದು ಬೇಗನೆ ಕೈಚೆಲ್ಲಿ ತೇಲುತ್ತದೆ ಎಂದು ನೋಡಿ, ಎತ್ತಿ ಒರೆಸಿ ಬೆಚ್ಚಗಿಡುವುದು ಮೋನಿಷಾಳ ಪಾಲು.

ಯಾವ ಇಲಿಗೆ ಏನು ಸಿಕ್ಕಿದೆಯೆಂದು ನೋಡುವವಳಿಗೆ ತಿಳಿಯಕೂಡದು. ತಿಳಿದರೆ ಕಣ್ಣು ಪಕ್ಷಪಾತ ಮಾಡುತ್ತದೆ. ಆದ್ದರಿಂದ ಇಬ್ಬರೂ ಇಲಿಗಳ ವಿಷಯ ಮಾತನಾಡಬಾರದೆಂದು ಮುಖ್ಯಸ್ಥೆ ಡಾಕ್ಟರ್ ಜಹೀರಾ ಕಟ್ಟಪ್ಪಣೆ ಮಾಡಿದ್ದರು.

ಇಲಿಗಳ ವಿಷಯ ಸರಿ. ಆದರೆ ಈ ಮನುಷ್ಯ ನಮಸ್ಕಾರಕ್ಕೂ ಉತ್ತರ ಕೊಡುತ್ತಿರಲಿಲ್ಲ! ಅವಳು ಕ್ಯಾಂಟೀನಿಗೆ ಬಂದರೆ ಕುದಿಯುವ ಚಹಾವನ್ನು ಒಂದೇ ಗುಟುಕಿಗೆ ಸುರಿದುಕೊಂಡು, ಸುಟ್ಟ ನಾಲಿಗೆಯನ್ನು ಹೊರಚಾಚಿ ಓಡುತ್ತಿದ್ದ.

ಆದರೂ ಪ್ರತಿದಿನ ಬೆಳಿಗ್ಗೆ ಗೋಡೆಯಾಚೆಯಿಂದ ಅವನ ದನಿ ಕೇಳಿಬರುತ್ತಿತ್ತು.

"ಬಾರೋ ರಾಜ... ಒಂದೇ ಒಂದು ಚುಚ್ಚು. ಆಯ್ತು, ಆಯ್ತು. ನೋವಾಯ್ತಾ? ಸಾರಿ ಕಣೋ."

ಆ ದನಿಗೆ ಮೋನಿಷಾ ಸೋತಿದ್ದಳು. *ಇಲಿಗಿರುವ ಭಾಗ್ಯ ನನಗಿಲ್ಲವಲ್ಲ...* ಎಂದು ಒಳಗೇ ಕುದಿಯುತ್ತಿದ್ದಳು.

ಯಾವ ಇಲಿಗೆ ಏನು ಸಿಕ್ಕಿತ್ತೆಂಬ ಗುಟ್ಟು ಬಯಲಾಗಬೇಕಾದ ದಿನ ಬಂತು. ಜಕ್ಕೂರಿನ ಮನೆಯಲ್ಲಿ ತಾಯಿ ಮುನಿಕೃಷ್ಣಮ್ಮ ರೊಟ್ಟಿ ತಟ್ಟುತ್ತ ಕೇಳಿದರು.

"ಅಲ್ಲಮ್ಮಣ್ಣಿ, ಇಲಿಗೂ ಬೇಜಾರಾಯ್ತದಾ? ನಮ್ಮ ಅಟ್ಟದಾಗಿರೋವು ರಾಗಿ ತಿಂದು ಕುಣೀತವೆ."

"ಎಲ್ಲ ಇಲಿಗೂ ಆಗಲ್ಲಮ್ಮ."

"ಅದಿರ್ಲಿ. ಆ ಸಂಜಯನಗರದ ಹುಡುಗನ ಮನೆಯೋರು ಕಾಯ್ತಾವ್ರೆ. ಇವತ್ತು ಸಂಜೆ ನಿಮ್ಮಪ್ಪ ಅವ್ರಿಗೆ ಮಾತು ಕೊಡ್ಬೇಕು. ಇಂಗೆ ಎಷ್ಟು ದಿನ ಎಳೆಯಾಕಾಯ್ತದೆ?"

"ಸಂಜೆ ಹೇಳ್ತೀನಿ."

ಅವಳು ನಿಶ್ಚಯಿಸಿಯಾಗಿತ್ತು. ಇಂದೂ ಅವನು ಗೋಡೆ ನೋಡಿದರೆ, ಸಂಜಯನಗರಕ್ಕೆ ಒಪ್ಪಿಗೆ.

ಮಧ್ಯಾಹ್ನ ಪ್ರಯೋಗಾಲಯದಲ್ಲಿ ಜಹೀರಾ ಸೇರಿ ಮೂವರೂ ಮೇಜಿನ ಸುತ್ತ ಕುಳಿತರು. ಯೋಗಾನಂದ ಕುರ್ಚಿಯನ್ನು ಗೋಡೆಯ ಕಡೆಗೆ ಓರೆಯಾಗಿ ಹಾಕಿಕೊಂಡಿದ್ದ. ಮೋನಿಷಾ ಅದನ್ನು ನೋಡಿದಳು. *ಮುಗಿಯಿತು...*

ಜಹೀರಾ ಒಂದೊಂದೇ ಇಲಿಯ ಗುಟ್ಟು ಬಿಚ್ಚಿದರು. ಬಳ್ಳಿಯ ಸತ್ವ ಪಡೆದವುಗಳಲ್ಲಿ ಬಹುಪಾಲು ಇಲಿಗಳು ಛಲದಿಂದ ಈಜಿದ್ದವು. ಕಿವಿ ಹರಿದ ಒಂದು ಇಲಿ ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಅದು ಎಲ್ಲಕ್ಕಿಂತ ಹೆಚ್ಚು ಹೊತ್ತು ಈಜಿತ್ತು. ಮೋನಿಷಾ ಅದನ್ನು ಭೀಮನೆಂದೇ ಕರೆಯುತ್ತಿದ್ದಳು.

"ಭೀಮನಿಗೆ ಬಳ್ಳಿ ಮದ್ದೇ ಅಲ್ವಾ ಮೇಡಂ?"

"ಬರೀ ಉಪ್ಪುನೀರು ಕಣಮ್ಮ," ಎಂದು ಜಹೀರಾ ಕನ್ನಡಕ ಸರಿಪಡಿಸಿಕೊಂಡರು. "ಯೋಗಾನಂದ, ಇವನಿಗೆ ಬೇರೆ ಏನಾದ್ರೂ ಕೊಟ್ಟಿದ್ಯಾ?"

ಇಲ್ಲವೆಂದಷ್ಟೇ ಹೇಳಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಅವನಿಂದ ಮುಚ್ಚಿಡಲಾಗಲಿಲ್ಲ.

"ಕೊಟ್ಟಿಲ್ಲ ಮೇಡಂ... ಮಾತಾಡಿದ್ದೆ."

"ಎಲ್ಲಾ ಇಲಿ ಹತ್ರಾನೂ ಮಾತಾಡ್ತೀಯಲ್ಲಪ್ಪ. ಇಡೀ ಕಟ್ಟಡಕ್ಕೆ ಕೇಳುತ್ತೆ."

"ಅವಕ್ಕೆಲ್ಲ ಎರಡೇ ಮಾತು. ಇವನನ್ನ ಮಾತ್ರ ದಿನಾ ಅಂಗೈಲಿ ಇಟ್ಕೊಂಡು, ತಲೆ ಸವರಿ... ಮೆಲ್ಲಗೆ."

"ಏನ್ ವಿಷಯ?"

"ಅದು ಪರ್ಸನಲ್ ಮೇಡಂ."

"ಪ್ರಯೋಗದಲ್ಲಿ ಪರ್ಸನಲ್ ಅನ್ನೋದಿಲ್ಲ. ಹೇಳು."

ಯೋಗಾನಂದ ಗೋಡೆಗೆ ಹೇಳಿದ. "ಮೋನಿಷಾ ಅವರ ವಿಷಯ."

ಮೋನಿಷಾ ತಟ್ಟನೆ ತಲೆಯೆತ್ತಿದಳು. ಅವನು ಮುಂದುವರಿಸಿದ.

"ಇವತ್ತು ಹಸಿರು ಚೂಡಿದಾರ ಹಾಕಿದಾರೆ ಕಣೋ ಅಂತ. ನಿನ್ನೆ ಕೆಮ್ತಿದ್ರು, ಮಾತ್ರೆ ತಗೊಂಡ್ರೋ ಇಲ್ವೋ ಅಂತ. ಪ್ರಯೋಗ ಮುಗೀಲಿ, ಮಾತಾಡಿಸ್ತೀನಿ, ಧೈರ್ಯ ಕೊಡೋ ಅಂತ... ಅಷ್ಟೇ ಮೇಡಂ."

"ಮತ್ತೆ ಆ ಹುಡುಗಿ ಕಂಡ್ರೆ ಗೋಡೆ ಯಾಕೆ ನೋಡ್ತೀಯ?"

"ನನ್ನ ಮುಖದಲ್ಲಿ ಯಾವ ಗುಟ್ಟೂ ನಿಲ್ಲಲ್ಲ ಮೇಡಂ. ಮನೇಲಿ ಇಸ್ಪೀಟಾಟಕ್ಕೂ ಸೇರಿಸ್ಕೊಳ್ಳಲ್ಲ. ಅವರು ನನ್ನ ಮುಖ ನೋಡಿ, ಯಾವ ಇಲಿಗೆ ಏನು ಅಂತ ಗೊತ್ತಾಗಿಬಿಟ್ರೆ? ಅವರ ಕೆಲಸ ಎಲ್ಲಾ ಹಾಳಾಗ್ತಿತ್ತು."

ಜಹೀರಾ ಹಣೆ ಒತ್ತಿಕೊಂಡರು. "ಇಲಿ ವಿಷಯ ಮಾತಾಡ್ಬೇಡ ಅಂದೆ. ಕುಶಲ ಕೇಳ್ಬೇಡ ಅಂದ್ನಾ? ಈ ಇಲಿಯ ಆರೈಕೆ ಬೇರೆ ರೀತಿ ಆಗಿದೆ ಅಂತ ವರದಿಯಲ್ಲಿ ಒಂದು ಸಾಲು ಹಾಕ್ತೀನಿ. ಕಾರಣ ಬರೆದ್ರೆ ಓದೋರು ನಗ್ತಾರೆ." ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು. "ಮುಂದಿನ ಪ್ರಯೋಗಕ್ಕೆ ಬಾಯಿಗೆ ಪ್ಲಾಸ್ಟರ್ ಹಾಕ್ಕೊಂಡು ಬಾ."

ಇಬ್ಬರೇ ಉಳಿದರು. ಮೋನಿಷಾಳ ಕಣ್ಣು ತುಂಬಿತ್ತು. ಅದರ ನಡುವೆಯೇ ನಗು ಉಕ್ಕುತ್ತಿತ್ತು. ಅಷ್ಟರಲ್ಲಿ ಅವಳ ಫೋನ್ ಮೊಳಗಿತು.

"ಅಮ್ಮಣ್ಣಿ, ನಿಮ್ಮಪ್ಪ ಚಪ್ಪಲಿ ಆಕ್ಕೊಂಡು ನಿಂತವ್ರೆ. ಸಂಜಯನಗರದೋರಿಗೆ ಏನಂತ ಹೇಳಾನ?"

"ಬೇಡ ಅಂತ ಹೇಳಮ್ಮ. ಮಾಕಳಿಯಿಂದ ಒಬ್ಬರು ಮನೆಗೆ ಬರ್ತಾರೆ."

"ಯಾರವ್ನು?"

"ಇಲಿಗಳ ಬೇಜಾರು ಕಳೆಯೋರು."

"ಬರಾಕೇಳು. ನಮ್ಮ ಅಟ್ಟದಾಗಿರೋವುಕ್ಕೆ ಒಸಿ ಬೇಜಾರು ಬರ್ಸಾಕೂ ಬತ್ತದಾ, ಕೇಳು."

ಫೋನಿನ ಮಾತು ಕೇಳಿಸಿಕೊಂಡ ಯೋಗಾನಂದನ ಕಿವಿ ಕೆಂಪಾಗಿತ್ತು. ಮುಖ ಇನ್ನೂ ಗೋಡೆಯ ಕಡೆಗೇ ಇತ್ತು.

"ಪ್ರಯೋಗ ಮುಗೀತು ಕಣ್ರೀ," ಎಂದಳು ಮೋನಿಷಾ.

ಅವನು ಮೆಲ್ಲನೆ ತಿರುಗಿದ. ಹೇಳಿದ್ದು ನಿಜ, ಆ ಮುಖದಲ್ಲಿ ಒಂದು ಗುಟ್ಟೂ ನಿಂತಿರಲಿಲ್ಲ. ಎಲ್ಲವೂ ಅಲ್ಲೇ ಇತ್ತು, ಮೊದಲ ದಿನದಿಂದ ಇಂದಿನವರೆಗೆ.

"ಇನ್ಮೇಲೆ ನೋಡ್ಬೋದಾ?" ಎಂದು ಕೇಳಿದ.

"ನೋಡಿ. ಆದ್ರೆ ಪಾಪ, ಗೋಡೆಗೆ ಬೇಜಾರಾಗುತ್ತೆ."

"ಆಗ್ಲಿ ಬಿಡಿ," ಎಂದ ಯೋಗಾನಂದ, ಭೀಮನಿಗೆ ಹೇಳುವಷ್ಟು ಮೆಲ್ಲಗೆ. "ಅದಕ್ಕೂ ಇಬ್ರೂ ಸೇರಿ ಒಂದು ಮದ್ದು ಹುಡುಕೋಣ."