ಬೆಳ್ಳಿಯೆಲೆ ಮರದ ಆರು ತೊಳೆ

ಬೆಟ್ಟಗಳಿಗೂ ಮರಗಳಿಗೂ ಮಾತು ಬರುತ್ತಿದ್ದ ಕಾಲ. ಮೂಡುಕಣಿವೆ ಎಂಬ ರಾಜ್ಯದಲ್ಲಿ ಮೋಡಬೆಟ್ಟ ಅಂತ ಒಂದು ಬೆಟ್ಟವಿತ್ತು. ಅದರ ನೆತ್ತಿಯಲ್ಲಿ, ಮಂಜು ಕದಲದ ಜಾಗದಲ್ಲಿ ಮಾತ್ರ ಬೆಳ್ಳಿಯೆಲೆ ಮರ ಬೆಳೆಯುತ್ತಿತ್ತು. ಆ ಜಾತಿಯಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಗಂಡುಮರದ ಹೂಪುಡಿ ಹೆಣ್ಣುಮರದ ಹೂವಿಗೆ ಬಿದ್ದರೇನೇ ಹಣ್ಣು. ಆ ಹಣ್ಣು ತಿಂದರೆ ಎಂಥ ಮಾಟವಾದರೂ ಬಿಟ್ಟುಹೋಗುತ್ತಿತ್ತು.

ಆ ರಾಜ್ಯದಲ್ಲಿ ಜರಾಳ ಎಂಬ ಮಾಂತ್ರಿಕನಿದ್ದ. ಗಂಡುಮರದ ಹೂಪುಡಿಯನ್ನು ವರ್ಷಕ್ಕೊಮ್ಮೆ ಹಾಲಿನಲ್ಲಿ ಕದಡಿ ಕುಡಿದು ಮುನ್ನೂರು ವರ್ಷ ಮುಪ್ಪಿಲ್ಲದೆ ಬದುಕಿದ್ದ. ಅವನಿಗೆ ಹೂಪುಡಿ ಬೇಕು, ಹಣ್ಣು ಬೇಡ. ಒಂದು ಗಂಡುಮರವನ್ನು ಬೇರುಸಮೇತ ಒಯ್ದು ತನ್ನ ತೋಟದಲ್ಲಿ ನೆಟ್ಟ. ಸುತ್ತ ಜೇನ್ನೊಣವೂ ದಾಟದಂಥ ಮಾಯದ ಗೋಡೆ ಎಬ್ಬಿಸಿದ. ಬೆಟ್ಟದ ಮರಗಳಿಗೆ ಬೆಂಕಿ ಇಟ್ಟ. ಅಡ್ಡ ಬಂದ ಏಳು ಮಂದಿ ಜೇನು ಕೀಳುವವರನ್ನು ಮಂಗಟ್ಟೆ ಹಕ್ಕಿಗಳನ್ನಾಗಿ ಮಾಡಿದ. ಬೆಟ್ಟದ ಮೇಲೆ ಉಳಿದದ್ದು ಒಂದೇ ಒಂದು ಹೆಣ್ಣುಮರ.

ಆ ಏಳು ಮಂದಿಯಲ್ಲಿ ಜಡೆಯನೂ ಒಬ್ಬ. ಅವನ ಹೆಂಡತಿ ಮುದ್ದವ್ವ. ಗಂಡನನ್ನು ಅವಳು ಮಾವ ಎಂದು ಕರೆಯುತ್ತಿದ್ದಳು. ಹಕ್ಕಿಯಾದ ಮೇಲೂ ಅವನು ದಿನಾ ಬೆಳಿಗ್ಗೆ ಬಂದು ಅವಳ ಮಡಿಲಿಗೆ ಒಂದು ಅತ್ತಿಹಣ್ಣು ಹಾಕುತ್ತಿದ್ದ. ಅವಳು ಅದನ್ನು ತಿಂದೇ ಕೆಲಸಕ್ಕೆ ಏಳುತ್ತಿದ್ದಳು.

ಒಂದು ದಿನ ಅವಳು ಹೆಣ್ಣುಮರದ ಕೆಳಗೆ ಕೂತು ಅಳುತ್ತಿದ್ದಾಗ ಮರ ಹೇಳಿತು: “ಮಗಳೇ, ಮೂರು ವರ್ಷದಿಂದ ಹೂ ಬಿಡುತ್ತಿದ್ದೇನೆ. ಮಡಿಲು ಮಾತ್ರ ತುಂಬುತ್ತಿಲ್ಲ. ನನ್ನ ಜೊತೆಯವನು ಜರಾಳನ ತೋಟದಲ್ಲಿದ್ದಾನೆ. ಹೋಗಿ ಅವನ ಹೂಪುಡಿ ತರುತ್ತೀಯಾ?”

“ತರುತ್ತೇನವ್ವ. ಆದರೆ ನಾನು ಅವನನ್ನು ನೋಡಿಯೇ ಇಲ್ಲ. ಹೇಗೆ ಗುರುತು ಹಿಡಿಯಲಿ?”

“ನನ್ನನ್ನು ಸರಿಯಾಗಿ ನೋಡಿಕೊಂಡು ಹೋಗು. ಅವನೂ ನನ್ನ ಹಾಗೇ. ಹೂವಿನ ನಡುವೆ ನನಗಿರುವ, ಮುಂದೆ ಕಾಯಾಗುವ ಹಸಿರು ಗುಬುಟು ಅವನಿಗಿಲ್ಲ, ಅಷ್ಟೇ.”

ಮುದ್ದವ್ವ ಎಲೆ ಮಗುಚಿ ನೋಡಿದಳು, ತೊಗಟೆ ಸವರಿದಳು, ಹೂವನ್ನು ಕಣ್ಣಿನ ಹತ್ತಿರ ಹಿಡಿದಳು. ಹೊತ್ತು ಇಳಿಯುವವರೆಗೂ ನೋಡಿದಳು.

ಮರುದಿನ ಮಧ್ಯಾಹ್ನ ಜರಾಳ ಮಲಗಿದ್ದಾಗ ತೋಟದ ಬಾಗಿಲಿಗೆ ಹೋದಳು. ಅಲ್ಲಿ ಏಳು ಕಣ್ಣಿನ ಕರಡಿ ಕಾವಲಿತ್ತು.

“ಒಳಗೆ ನಾಲ್ಕು ಮರ ಇವೆ, ಮೂರು ಮಾಯೆ,” ಎಂದಿತು ಕರಡಿ. “ನಿಜವಾದದ್ದನ್ನು ಅಪ್ಪಿಕೊಂಡರೆ ಬೇಕಾದ್ದು ಒಯ್ಯಿ. ತಪ್ಪಿದರೆ ನೀನೇ ಐದನೆಯ ಮರ. ಬರುತ್ತೀಯಾ?”

“ಬರುತ್ತೇನಣ್ಣ.”

“ನನ್ನನ್ನು ಯಾಕೆ ಅಣ್ಣ ಅಂದೆ?”

“ಒಬ್ಬನೇ ಕೂತಿದ್ದೆಯಲ್ಲ, ಅದಕ್ಕೆ.”

ಕರಡಿ ದಾರಿ ಬಿಟ್ಟಿತು.

ನಾಲ್ಕು ಮರಗಳೂ ಒಂದೇ ಅಚ್ಚಿನ ಹಾಗಿದ್ದವು. ಮುದ್ದವ್ವ ಮೊದಲು ಎಲೆ ನೋಡಿದಳು. ಬೆಳ್ಳಿಯೆಲೆ ಮರದ ಎಲೆಗಳು ಜೋಡಿಜೋಡಿಯಾಗಿ, ಎದುರುಬದುರಾಗಿ ಹುಟ್ಟುತ್ತವೆ. ಒಂದು ಮರದಲ್ಲಿ ಎಲೆಗಳು ಇಲ್ಲೊಂದು ಅಲ್ಲೊಂದು ಹುಟ್ಟಿದ್ದವು. ಅದನ್ನು ಬಿಟ್ಟಳು. ಆಮೇಲೆ ಕಾಂಡ ನೋಡಿದಳು. ತೊಗಟೆ ಈರುಳ್ಳಿ ಸಿಪ್ಪೆಯ ಹಾಗೆ ಪದರಪದರವಾಗಿ ಸುಲಿಯಬೇಕು, ಹೂ ಆ ಕಾಂಡದಿಂದಲೇ ಹೊರಡಬೇಕು. ಒಂದರ ತೊಗಟೆ ನುಣ್ಣಗಿತ್ತು. ಅದನ್ನೂ ಬಿಟ್ಟಳು. ಉಳಿದ ಎರಡರ ಹೂವನ್ನು ಬಗ್ಗಿ ನೋಡಿದಳು. ಒಂದರ ನಡುವೆ ಹಸಿರು ಗುಬುಟಿತ್ತು. ಇನ್ನೊಂದರ ನಡುವೆ ಬರೀ ಹಳದಿ ಪುಡಿಯ ಎಳೆಗಳು.

ಕಣ್ಣು ಮುಚ್ಚಿ ಆ ಮರವನ್ನು ಅಪ್ಪಿಕೊಂಡಳು. ಅವಳ ಕೈ ಕೈಯಾಗಿಯೇ ಉಳಿಯಿತು.

ಮರ ಮೈ ಕೊಡವಿ ಇದ್ದಬದ್ದ ಹೂಪುಡಿಯನ್ನೆಲ್ಲ ಅವಳ ಸೆರಗಿಗೆ ಸುರಿಯಿತು. ಅಂದೇ ಜರಾಳ ಆ ವರ್ಷದ ಹೂಪುಡಿ ಕುಡಿಯಬೇಕಾದ ದಿನ. ಅವನು ಎದ್ದು ಹಾಲಿನ ಬಟ್ಟಲು ಹಿಡಿದು ಬಂದಾಗ ಒಂದು ಚಿಟಿಕೆಯೂ ಉಳಿದಿರಲಿಲ್ಲ. ಮುನ್ನೂರು ವರ್ಷದ ಮುಪ್ಪು ಒಂದೇ ಗಳಿಗೆಯಲ್ಲಿ ಅವನ ಮೇಲೆ ಬಿತ್ತು. ಅವನು ಬೂದಿಯಾದ. ಗೋಡೆ ಕರಗಿತು. ಕರಡಿ ಕಾಡಿನ ದಾರಿ ಹಿಡಿಯಿತು.

ಆದರೂ ಹಕ್ಕಿಗಳು ಹಕ್ಕಿಗಳಾಗಿಯೇ ಇದ್ದವು. ಹಾಕಿದ ಮಾಟ ಹಣ್ಣಿನಿಂದಲೇ ಬಿಡಬೇಕಿತ್ತು. ಮುದ್ದವ್ವ ಬೆಟ್ಟ ಹತ್ತಿ ಹೆಣ್ಣುಮರದ ಹೂಹೂವಿಗೂ ಪುಡಿ ಸವರಿದಳು. ಹೆಣ್ಣುಮರ ಬೆಂಕಿಗೆ ಬಳಲಿತ್ತು. ಅದು ಕಟ್ಟಿದ್ದು ಒಂದೇ ಹಣ್ಣು. ಬಿಡಿಸಿದರೆ ಒಳಗೆ ಆರು ತೊಳೆ. ಸುತ್ತ ಕೂತ ಹಕ್ಕಿಗಳು ಏಳು.

ಅವಳು ಮೊದಲ ತೊಳೆಯನ್ನು ಜಡೆಯನಿಗೆ ಕೊಟ್ಟಳು. ಅವನು ಅದನ್ನು ಕೊಕ್ಕಿನಲ್ಲಿ ಹಿಡಿದು ಪಕ್ಕದ ಹಕ್ಕಿಯ ಬಾಯಿಗಿಟ್ಟ. ಎರಡನೆಯದನ್ನೂ ಹಾಗೇ ಮಾಡಿದ. ಆರೂ ಮುಗಿದವು. ಆರು ಹಕ್ಕಿಗಳು ಬೀಜ ಉಗುಳಿ ಆರು ಗಂಡಸರಾಗಿ ಎದ್ದು ನಿಂತವು.

“ಮಾವ, ನಿನಗೆ?” ಎಂದಳು ಮುದ್ದವ್ವ. ಹಕ್ಕಿ ಅವಳ ತೊಡೆಯ ಮೇಲೆ ತಲೆಯಿಟ್ಟಿತು. ಅವಳಿಗೆ ಸಿಟ್ಟು ಬರಲಿಲ್ಲ. ಅದರ ಕತ್ತು ನೇವರಿಸುತ್ತ ಬಹಳ ಹೊತ್ತು ಕೂತಿದ್ದಳು.

“ಇನ್ನೊಂದು ವರ್ಷ ತಡೆದುಕೋ ಮಗಳೇ,” ಎಂದಿತು ಮರ.

ಅವಳು ತಡೆದುಕೊಂಡಳು. ಆರೂ ಬೀಜಗಳನ್ನು ನೆಟ್ಟು, ಬಿಸಿಲಿಗೆ ಬಾಡದಂತೆ ಜರಿಗಿಡದ ಸೊಪ್ಪು ಮುಚ್ಚಿದಳು. ಮರುವರ್ಷ ಜೇನ್ನೊಣಗಳು ತಾವೇ ತೋಟದಿಂದ ಹೂಪುಡಿ ಹೊತ್ತು ತಂದವು. ಹೆಣ್ಣುಮರ ಬುಡದಿಂದ ಕವಲಿನವರೆಗೆ ಕಾಯಿ ಕಚ್ಚಿತು. ಮುದ್ದವ್ವ ಮೊದಲ ಹಣ್ಣನ್ನು ಬಿಡಿಸಿ ತನ್ನ ಕೈಯಾರೆ ಜಡೆಯನಿಗೆ ತಿನ್ನಿಸಿದಳು. ಈ ಸಲ ಅವನು ಯಾರಿಗೂ ಕೊಡಬೇಕಾಗಿರಲಿಲ್ಲ.

ಜಡೆಯ ಮನುಷ್ಯನಾದ. ನಾಲ್ಕು ವರ್ಷ ನೆಲ ಮೆಟ್ಟದ ಕಾಲು ನಡುಗಿತು. ಮುದ್ದವ್ವ ಹೆಗಲು ಕೊಟ್ಟಳು. ಇಬ್ಬರೂ ನಿಧಾನವಾಗಿ, ಕೂತು ಎದ್ದು, ಬೆಟ್ಟ ಇಳಿದು ಮನೆ ಸೇರಿದರು. ಅವರೂ ಊರವರೂ ಉಂಡುಟ್ಟು ತಣ್ಣಗೆ ಬಾಳಿದರು.